ಊರಲ್ಲಿ ಯಾರ ಬಳಿಯೂ ಇಲ್ಲದ ಫೋನು

ಹೋದ ತಿಂಗಳು ಯಳಂದೂರಿನಲ್ಲಿ ಒಂದು ನಾಮಕರಣ ಮುಗಿಸಿಕೊಂಡು ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಬೆಳಿಗ್ಗೆ ಬಿದ್ದ ಮಳೆಗೆ ನಿಲ್ದಾಣದ ನೆಲ ಇನ್ನೂ ಒದ್ದೆಯಾಗಿತ್ತು. ನನ್ನ ಪಕ್ಕದಲ್ಲಿ ಒಬ್ಬಾಕೆ ಹಿಪ್ಪುನೇರಳೆ ಸೊಪ್ಪು ತುಂಬಿದ ಗೋಣಿಚೀಲವನ್ನು ತಲೆಯಿಂದ ಇಳಿಸಿದರು. ಮನೆಯ ತೋಟದ ಸೊಪ್ಪು ಸಾಲದೆ ಬಂದಾಗ ನಮ್ಮ ಕಡೆ ರೇಷ್ಮೆ ಹುಳು ಸಾಕುವವರು ಹೀಗೆ ನೆಂಟರೂರಿನಿಂದ ಹೊತ್ತು ತರುವುದುಂಟು. ಒದ್ದೆ ಗೋಣಿಯ ಬಾಯಿಂದ ಸೊಪ್ಪಿನ ವಾಸನೆ ಬಂತು. ಹಸಿ ಹಾಲಿನದೋ ಕುಯ್ದ ಹುಲ್ಲಿನದೋ ಎಂದು ಹೇಳಲಾಗದ ವಾಸನೆ. ಅದನ್ನು ಒಮ್ಮೆ ಮೂಗಿಗೆಳೆದುಕೊಂಡಿದ್ದೆ ಅಷ್ಟೆ, ಆಕೆಯ ಬಟ್ಟೆಚೀಲದೊಳಗಿಂದ ಒಂದು ಸದ್ದು ಕೇಳಿಸಿತು. ಕಂಚಿನ ಲೋಟಕ್ಕೆ ಚಮಚ ತಾಗಿಸಿದ ಹಾಗೆ ಟಿಣ್, ಟಿಣ್, ಆಮೇಲೆ ಸ್ವಲ್ಪ ತಡೆದು ಇನ್ನೊಂದು ಟಿಣ್.

ನನ್ನ ಕೈ ತಾನಾಗಿಯೇ ನನ್ನ ವ್ಯಾನಿಟಿ ಬ್ಯಾಗಿಗೆ ಹೋಯಿತು. ಬಡಿದದ್ದು ನನ್ನ ಫೋನಲ್ಲ. ಆಕೆ ಚೀಲದೊಳಗೆ ಕೈ ಹಾಕಿ ತಡಕಾಡುತ್ತಿದ್ದರು. ಆ ವಾಸನೆ, ಆ ಸದ್ದು ಎರಡೂ ಒಟ್ಟಿಗೆ ಸಿಕ್ಕಿದ್ದು ನನ್ನ ಜೀವನದಲ್ಲಿ ಒಂದೇ ಒಂದು ಕಾಲದಲ್ಲಿ. ಗೌರಿ ಹಬ್ಬಕ್ಕೆ ಶುರುವಾಗಿ ದೀಪಾವಳಿಗೆ ಮುಗಿದ ಒಂದು ಮಳೆಗಾಲ ಅದು.

ಆ ವರ್ಷ ಗೌರಿ ಹಬ್ಬ ಕಳೆದ ವಾರ ನಮ್ಮ ಅಂಗಡಿಗೆ ಒಂದು ಗಾಜಿನ ಕೌಂಟರ್ ಬಂತು. ನಮ್ಮ ಅಂಗಡಿ ಅಂದರೆ ಭಾವನವರ ಸೀರೆ ಅಂಗಡಿ. ಕೊಳ್ಳೇಗಾಲದ ಪೇಟೆ ಬೀದಿಯಲ್ಲಿ ನಮ್ಮ ಮಾವನವರ ಕಾಲದಿಂದಲೂ ಇರುವುದು. ಯಜಮಾನಿಕೆಯೆಲ್ಲ ಭಾವನವರದು. ನಮ್ಮ ಮನೆಯವರು ಶಿವಮಲ್ಲು, ಅಣ್ಣನ ಹಿಂದೆ ನಿಂತು ಗಿರಾಕಿಗಳು ಕೆದರಿಟ್ಟು ಹೋದ ಸೀರೆಗಳನ್ನು ಮಡಿಸುತ್ತಲೇ ಇಷ್ಟು ವರ್ಷ ಕಳೆದವರು. ಒಂದು ದಿನವೂ ಗೊಣಗಿದವರಲ್ಲ. ಆದರೆ ಮನೆಯಲ್ಲಿ ಗಡಿಯಾರ ನಿಂತರೆ, ಮಿಕ್ಸಿ ಗೊರಗುಟ್ಟಿದರೆ ಇವರ ಮುಖಕ್ಕೆ ಒಂದು ಕಳೆ ಬರುತ್ತಿತ್ತು. ಸ್ಕ್ರೂಡ್ರೈವರ್ ಹಿಡಿದು ನೆಲಕ್ಕೆ ಕೂತರೆಂದರೆ ಊಟಕ್ಕೆ ಎರಡು ಸಲ ಕರೆಯಬೇಕಾಗುತ್ತಿತ್ತು. ಸೀರೆ ಮಡಿಸುವಾಗ ಆ ಕಳೆಯನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಮೈಸೂರಿನಿಂದ ಬಂದಿದ್ದ ಒಂದು ಹೊಸ ಕಂಪನಿಯ ಪ್ರತಿನಿಧಿ ಇವರಿಗೆ ಹೇಗೋ ಪರಿಚಯವಾಗಿದ್ದರು. ಅವರು ತಂದ ಫೋನು ಹೊರಗಿನಿಂದ ಎಲ್ಲ ಫೋನಿನ ಹಾಗೆಯೇ ಇತ್ತು. ಒಳಗಿನ ಆಪರೇಟಿಂಗ್ ಸಿಸ್ಟಮ್ ಮಾತ್ರ ಬೇರೆ, ಪೂರ್ತಿ ಹೊಸದು, ಯಾವ ದೊಡ್ಡ ಕಂಪನಿಯದೂ ಅಲ್ಲ. ಕನ್ನಡವನ್ನು ಆಮೇಲೆ ಸೇರಿಸಿದ್ದಲ್ಲ, ಮೊದಲಿನಿಂದಲೇ ಕನ್ನಡಕ್ಕೆಂದು ಕಟ್ಟಿದ್ದು. ಒತ್ತಕ್ಷರಗಳು ಒಂದರ ಮೇಲೊಂದು ಹತ್ತಿ ಕೂರದೆ ಅಚ್ಚುಕಟ್ಟಾಗಿ ಕಾಣುತ್ತಿದ್ದವು. ಜಾಹೀರಾತು ಇಲ್ಲ. ಒಂದು ಸಲ ಚಾರ್ಜಿಗೆ ಹಾಕಿದರೆ ನಾಳೆ ನಾಡಿದ್ದಿನವರೆಗೂ ಯೋಚನೆಯಿಲ್ಲ. ಇವರು ಆ ಫೋನನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡುವಾಗ ನನಗೆ ಹಳೆಯ ಆ ಕಳೆ ಕಾಣಿಸಿತು.

ಭಾವನವರು ಒಪ್ಪಲಿಲ್ಲ, ಬೇಡ ಅನ್ನಲೂ ಇಲ್ಲ. ಗಾದಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು.

“ಅದೇನ್ಲಾ ಮಲ್ಲು, ಓಎಸ್ಸು ಅಂದ್ರೆ?”

ಇವರು ತಡವರಿಸಿದರು. ಊಟದ ಕ್ಯಾರಿಯರ್ ತಂದಿದ್ದ ನಾನೇ ಹೇಳಿದೆ: “ಮನೆ ಅದೇ ಭಾವ, ಅಡುಗೆಮನೆ ಬೇರೆ. ನಮ್ಮ ಮನೆ ಪಾತ್ರೆ ಆ ಒಲೆ ಮೇಲೆ ಕೂರೋದಿಲ್ಲ. ಅದಕ್ಕೆ ಅಂತಲೇ ಪಾತ್ರೆ ಮಾಡಬೇಕು.”

“ಮಾಡವ್ರಾ?”

“ಮಾಡ್ತಾರೆ ಅಣ್ಣ,” ಅಂದರು ಇವರು.

ಭಾವನವರು ಎಲೆ ಬಾಯಿಗಿಟ್ಟುಕೊಂಡು ಬಾಗಿಲ ಪಕ್ಕದ ಮೂಲೆಯನ್ನು ಕಣ್ಣಲ್ಲೇ ಅಳೆದರು. “ಆ ಜಾಗ ರವಿಕೆ ಪೀಸ್‌ಗೆ ಅಂತ ಮಡೀಕಂಡಿದ್ದೆ. ಸರಿ ಬುಡು, ದೀಪಾವಳಿ ಗಂಟ ನೋಡು. ಓಡುದ್ರೆ ನಿಂದು. ಓಡ್ನಿಲ್ವಾ, ಕೌಂಟರ್ ಖಾಲಿ ಮಾಡು, ಸೀರೆ ಮಡಚಕ್ಕೆ ಬಾ.”

ಅಷ್ಟೇ ಮಾತು. ಆದರೆ ಮನೆಗೆ ಬಂದ ಮೇಲೆ ಇವರು ಕೌಂಟರಿನ ಗಾಜು ಒರೆಸಲು ನನ್ನ ಹಳೆಯ ಕಾಟನ್ ಸೀರೆಯ ತುಂಡೊಂದನ್ನು ಕೇಳಿ ಇಸಿದುಕೊಂಡರು. ಕೇಳಿದ ಆ ರೀತಿಯಲ್ಲೇ ಇವರಿಗೆ ಅದು ಎಷ್ಟು ಮುಖ್ಯ ಎಂದು ನನಗೆ ಗೊತ್ತಾಯಿತು.

ಸೀರೆ ಅಂಗಡಿಯಲ್ಲಿ ಹುಟ್ಟಿ ಬೆಳೆದವರು ಫೋನನ್ನು ಹೇಗೆ ಮಾರುತ್ತಾರೆ? ಸೀರೆ ಮಾರಿದ ಹಾಗೆಯೇ. ಇವರು ಗಿರಾಕಿಗಳನ್ನು ಕೌಂಟರಿನ ಮುಂದೆ ನಿಲ್ಲಿಸುತ್ತಿರಲಿಲ್ಲ. ಗಾದಿಯ ಮೇಲೆ ಕೂರಿಸಿ, ನೀರು ಕೊಡಿಸಿ, ಬಿಳಿ ಹಾಸಿನ ಮೇಲೆ ಫೋನನ್ನು ಸೆರಗು ಬಿಡಿಸಿ ತೋರಿಸುವಷ್ಟು ನಯವಾಗಿ ಇಡುತ್ತಿದ್ದರು. ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು. ಕೊನೆಗೆ, ಅಪ್ಪ ಮತ್ತು ಅಣ್ಣ ಇಬ್ಬರ ಬಾಯಲ್ಲೂ ಕೇಳಿ ಕಲಿತ, ನಮ್ಮ ಅಂಗಡಿಯಲ್ಲಿ ಎಂದೂ ಸುಳ್ಳಾಗದ ಮಾತನ್ನು ಹೇಳುತ್ತಿದ್ದರು:

“ನೋಡಿ, ಊರಲ್ಲಿ ಇನ್ಯಾರ ಹತ್ರಾನೂ ಇಲ್ಲ ಇದು.”

ರೇಷ್ಮೆ ಸೀರೆಗೆ ಈ ಮಾತು ಸಾಕು. ಮದುವೆ ಮನೆಗೆ ಹೋದಾಗ ತಾನುಟ್ಟಂಥದೇ ಸೀರೆ ಇನ್ನೊಬ್ಬಳು ಉಟ್ಟು ಬಂದರೆ ಯಾವ ಹೆಂಗಸಿಗೆ ತಾನೇ ಊಟ ರುಚಿಸುತ್ತದೆ?

ಒಂದು ಮಧ್ಯಾಹ್ನ ಹನೂರು ಕಡೆಯ ರೈತರೊಬ್ಬರು ಕಾಲೇಜಿಗೆ ಹೋಗುವ ಮಗಳನ್ನು ಕರೆದುಕೊಂಡು ಬಂದರು. ಹುಡುಗಿಗೆ ಫೋನು ಹಿಡಿಸಿತು. ಬಣ್ಣ ನೋಡಿದಳು, ಕನ್ನಡದಲ್ಲಿ ತನ್ನ ಹೆಸರು ಬರೆದು ನೋಡಿದಳು, ನಕ್ಕಳು. ಅಪ್ಪ ಜೇಬಿಗೆ ಕೈ ಹಾಕಿದ್ದರು. ಆಗ ಇವರು ಆ ಮಾತು ಹೇಳಿದರು.

ಹುಡುಗಿಯ ನಗು ನಿಂತಿತು. “ಯಾರತ್ರಾನೂ ಇಲ್ವಾ?”

“ಒಬ್ಬರ ಹತ್ರಾನೂ ಇಲ್ಲ!”

“ಅಂಗಾರೆ ಗೊತ್ತಾಗ್ದೇ ಓದ್ರೆ ಯಾರ್ನ ಕೇಳ್ಲಿ? ನಮ್ ಕ್ಲಾಸಿನ ಗ್ರೂಪ್ ಇದ್ರಲ್ಲಿ ಬತ್ತದಾ?”

“ಗ್ರೂಪು... ಸ್ವಲ್ಪ ದಿನದಲ್ಲಿ ಬರುತ್ತೆ.”

“ಅಪ್ಪ, ಏಳಪ್ಪ ಓಗವ,” ಅಂದಳು. ಅಪ್ಪ ನೀರಿನ ಲೋಟ ಕೆಳಗಿಟ್ಟು, “ಚೆಂದಾಗದೆ ಕಣ್ರಿ, ಏನೂ ಅಂದ್ಕಬೇಡಿ” ಎಂದು ಮಗಳ ಹಿಂದೆ ನಡೆದರು.

ಬಂದವರೆಲ್ಲ ಹೀಗೆಯೇ. ಯಾರೂ ಫೋನನ್ನು ಬಯ್ಯಲಿಲ್ಲ. ಎಲ್ಲರೂ ಚೆನ್ನಾಗಿದೆ ಎಂದು ಹೊಗಳಿಯೇ ಎದ್ದು ಹೋಗುತ್ತಿದ್ದರು.

ನಮ್ಮಲ್ಲೇ ಯಾರಾದರೂ ಬಳಸಿದರೆ ಜನಕ್ಕೆ ಧೈರ್ಯ ಬರುತ್ತದೆ ಎಂದು ಇವರು ಒಂದನ್ನು ನನಗೆ ಕೊಟ್ಟರು. ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತು ಎನ್ನಬೇಕು. ಬೆಳಿಗ್ಗೆ ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಾಗ ಅದರಲ್ಲಿ ತಿಥಿ, ಹುಣ್ಣಿಮೆ ನೋಡುತ್ತಿದ್ದೆ. ಅದರ ಟಿಣ್ ಟಿಣ್ ಸದ್ದಿಗೆ ನಮ್ಮ ಬೆಕ್ಕು ಹಾಲಿನ ಬಟ್ಟಲು ಅಂದುಕೊಂಡು ಓಡಿ ಬರುತ್ತಿತ್ತು. ಆದರೆ ವಾರ ಕಳೆಯುವುದರೊಳಗೆ ನಾನು ಊರೊಳಗಿದ್ದೂ ಊರಾಚೆ ಇದ್ದವಳಂತಾದೆ. ನಮ್ಮ ಬೀದಿ ಹೆಂಗಸರ ಗ್ರೂಪಿನಲ್ಲಿ ನೀರು ಬಿಡುವ ಹೊತ್ತು ಬದಲಾದದ್ದು ನನ್ನೊಬ್ಬಳಿಗೆ ತಿಳಿಯಲಿಲ್ಲ. ಮಗಳ ಶಾಲೆಯ ಗ್ರೂಪಿನಲ್ಲಿ ಎಲ್ಲರೂ ಹಳದಿ ಬಟ್ಟೆ ಹಾಕಿಕೊಂಡು ಬರಬೇಕೆಂದು ಟೀಚರ್ ಹಾಕಿದ್ದರಂತೆ. ನನ್ನ ಮಗಳು ಒಬ್ಬಳೇ ನೀಲಿಯಲ್ಲಿ ಹೋಗಿ, ಸಂಜೆ ಮುಖ ಊದಿಸಿಕೊಂಡು ಬಂದಳು. ತರಕಾರಿ ಗಾಡಿಯ ಮುಂದೆ ಕೊತ್ತಂಬರಿ ಕಟ್ಟು ಕೈಯಲ್ಲಿ ಹಿಡಿದು ನಿಂತೆ. ಗಾಡಿಗೆ ನೇತುಹಾಕಿದ ಸ್ಕ್ಯಾನ್ ಫಲಕ ನನ್ನ ಫೋನಿಗೆ ಬರೀ ಚೌಕುಳಿ ಚಿತ್ರ. ಗಾಡಿಯ ಪುಟ್ಟಮ್ಮ, “ಇರ್ಲಿ ತಕಂಡೋಗಿ ಅಕ್ಕಾವ್ರೆ, ನಾಳೆ ಕೊಡೀರಂತೆ. ಯಾಕೆ, ಫೋನು ಉಷಾರಿಲ್ವಾ?” ಎಂದು ಕಾಯಿಲೆಯವರನ್ನು ವಿಚಾರಿಸುವ ದನಿಯಲ್ಲಿ ಕೇಳಿದಳು.

ಫೋನು ಉಷಾರಾಗಿಯೇ ಇತ್ತು. ಅದಕ್ಕೆ ನೆಂಟರಿರಲಿಲ್ಲ.

ಚಿಕ್ಕಂದಿನಲ್ಲಿ ಅಪ್ಪನ ವರ್ಗಾವಣೆಯಿಂದಾಗಿ ಮೈಸೂರಿನ ಕಾನ್ವೆಂಟಿಗೆ ನಾನು ವರ್ಷದ ನಡುವೆ ಸೇರಿದವಳು. ಯೂನಿಫಾರ್ಮ್ ಹೊಲಿಸುವ ತನಕ ಅಮ್ಮ ನನ್ನನ್ನು ಜರಿ ಅಂಚಿನ ಗುಲಾಬಿ ಫ್ರಾಕಿನಲ್ಲಿ ಕಳಿಸಿದ್ದರು. ಸಿಸ್ಟರ್ ಮೊದಲ್ಗೊಂಡು ಎಲ್ಲರೂ ಫ್ರಾಕ್ ಎಷ್ಟು ಚೆನ್ನಾಗಿದೆ ಅಂದರು. ಪಕ್ಕದಲ್ಲಿ ಮಾತ್ರ ಯಾರೂ ಕೂರಲಿಲ್ಲ. ನೀಲಿ ಸ್ಕರ್ಟು ಬಿಳಿ ಷರಟು ಬಂದ ದಿನ ಒಬ್ಬಳು ತನ್ನ ಡಬ್ಬಿಯ ಚಿತ್ರಾನ್ನ ಕೊಟ್ಟಳು. ಕೊತ್ತಂಬರಿ ಕಟ್ಟು ಹಿಡಿದು ಮನೆಗೆ ನಡೆಯುವಾಗ ಯಾಕೋ ಆ ಗುಲಾಬಿ ಫ್ರಾಕು ನೆನಪಾಯಿತು.

ಕಂಪನಿಯ ಪ್ರತಿನಿಧಿ ಬಂದಾಗ ನಾನೇ ಕೇಳಿದೆ, ದುಡ್ಡು ಕಳಿಸುವ ಆಪು, ಗ್ರೂಪಿನ ಆಪು ಯಾವಾಗ ಬರುತ್ತದೆ ಎಂದು. ಪಾಪ, ಒಳ್ಳೆಯ ಮನುಷ್ಯ. ಬೆವರು ಒರೆಸಿಕೊಳ್ಳುತ್ತಾ ನಿಜ ಹೇಳಿದರು.

“ಆಪ್ ಮಾಡೋರನ್ನ ಕೇಳಿದ್ರೆ, ಮೊದಲು ಜನ ಈ ಫೋನ್ ತಗೊಳ್ಳಲಿ, ಆಮೇಲೆ ಮಾಡ್ತೀವಿ ಅಂತಾರೆ ಮೇಡಂ.”

“ಜನ, ಮೊದಲು ಆಪ್ ಬರಲಿ, ಆಮೇಲೆ ತಗೊಳ್ತೀವಿ ಅಂತಾರೆ,” ಅಂದರು ಇವರು.

ಗಾದಿಯ ಮೇಲಿಂದ ಭಾವನವರು ಹೊಟ್ಟೆ ಕುಲುಕಿಸಿ ನಕ್ಕರು. “ಒಳ್ಳೇ ಮದ್ವೆ ಕಣ್ಲಾ ಇದು! ಗಂಡಿನೋರು ಬರ್ಲಿ ಅಂತ ಎಣ್ಣಿನೋರು ಮನೇಲೇ ಕುಂತವ್ರೆ, ಎಣ್ಣಿನೋರು ಬರ್ಲಿ ಅಂತ ಗಂಡಿನೋರು. ಛತ್ರದಲ್ಲಿ ವಾಲಗದೋನು ಒಬ್ನೇ ಊದ್ತಾವ್ನೆ. ಆ ವಾಲಗದೋನು ನೀನು!”

ಇವರೂ ನಕ್ಕರು, ಆದರೆ ಆ ನಗು ತುಟಿಯಲ್ಲೇ ಉಳಿಯಿತು.

ಒಂದು ಭಾನುವಾರ ಹನೂರಿಗೆ ನೆಂಟರ ಮನೆಗೆ ಹೋಗುವುದಿತ್ತು. ಇವರು ಕೆಲವು ಫೋನುಗಳನ್ನೂ ಚೀಲದಲ್ಲಿ ಹಾಕಿಕೊಂಡರು. ಅಲ್ಲಿ ಜಗುಲಿಯ ಮೇಲೆ ಜನ ಸೇರಿ ನೋಡಿದರು. ಗಾಜು ಒಡೆದರೆ ಹನೂರಲ್ಲಿ ಹಾಕಿಕೊಡ್ತಾರಾ ಎಂದು ಒಬ್ಬರು ಕೇಳಿದರು. ಹಿಂದಿನ ಕವರು ಸಿಗುತ್ತಾ ಎಂದು ಇನ್ನೊಬ್ಬರು. ಗಡಿ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ತಿರುವಿ ತಿರುವಿ ನೋಡಿ, ತಮಿಳಿನಲ್ಲಿ ಹೆಂಡತಿಗೆ ಬೇಡ ಎನ್ನುವಂತೆ “ವೇಂಡಾಂ” ಎಂದು ನಯವಾಗಿ ವಾಪಸು ಕೊಟ್ಟರು. ವಾಪಸು ಬರುವಾಗ ಬೆಟ್ಟಗಳ ಕಡೆಯಿಂದ ಮೋಡ ಕವಿದು, ಬಸ್ಸಿನ ಕಿಟಕಿಗೆ ಮಳೆ ಬಡಿಯತೊಡಗಿತು. ಇವರು ಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆನೆಯದಂತೆ ಎರಡೂ ಕೈ ಅಡ್ಡ ಹಿಡಿದಿದ್ದರು. ನಾನೂ ಒಂದು ಕೈ ಅಡ್ಡ ಹಿಡಿದೆ.

ಹಿರಿಯರಿಗೆ ಎಡೆ ಇಡುವ ಮಾರ್ಲಾಮಿ ಹಬ್ಬ ಹತ್ತಿರ ಬಂತು. ಅಂಗಡಿಗೆ ರವಿಕೆ ಪೀಸಿನ ಕಟ್ಟುಗಳು ಬಂದವು. ಭಾವನವರು ಅವನ್ನು ಗಾಜಿನ ಕೌಂಟರಿಗೆ ಒರಗಿಸಿಯೇ ಇಡಿಸಿದರು.

ಆಗಲೇ ಒಂದು ಮಧ್ಯಾಹ್ನ ನಾನು ಊಟದ ಕ್ಯಾರಿಯರ್ ತೆಗೆದುಕೊಂಡು ಹೋದಾಗ ಗಾದಿಯ ತುಂಬ ಹೆಂಗಸರು ಕೂತಿದ್ದರು. ಯಳಂದೂರಿನ ಹತ್ತಿರದ ಒಂದು ಹಳ್ಳಿಯ ಮಹಿಳಾ ಸಂಘದವರು. ಎಲ್ಲರೂ ರೇಷ್ಮೆ ಹುಳು ಸಾಕುವವರು. ಮುಂದೆ ಕೂತಿದ್ದವರು ಸಂಘದ ಹಿರಿಯಾಕೆ ಚಿಕ್ಕತಾಯಮ್ಮ. ಗಟ್ಟಿ ಮೈಕಟ್ಟು, ಹಣೆಯಲ್ಲಿ ಅಗಲ ಕುಂಕುಮ, ಮಾತಾಡುವಾಗ ಎದುರಿನವರ ಮೊಣಕಾಲು ತಟ್ಟುವ ಅಭ್ಯಾಸ. ಭಾವನವರು ಒಂದು ಮಾವಿನಕಾಯಿ ಹಸಿರು ಸೀರೆಯನ್ನು ಬಿಡಿಸಿ ಅವರ ಮುಂದೆ ಚೆಲ್ಲಿದರು.

“ಒಂದೇ ಪೀಸು ಕಣವ್ವ. ಊರಲ್ಲಿ ಯಾರತ್ರಾನೂ ಇಲ್ಲ.”

“ಅಯ್ಯೋ ಸಾವ್ಕಾರ್ರೆ, ಅದ್ ಮಡಚಿಡಿ ಅತ್ಲಾಗೆ!” ಅಂದರು ಚಿಕ್ಕತಾಯಮ್ಮ. “ಒಂದ್ ಪೀಸು ತಕಂಡು ನಾವೇನು ಅರ್ಕಂಡು ಉಟ್ಕಳವಾ? ಎಲ್ರುಗೂ ಒಂದೇ ತರದ್ದು ಕೊಡಿ. ಮೀಟಿಂಗ್‌ಗೆ ಓದ್ರೆ ದೂರದಿಂದ್ಲೇ ಅಗೋ ಅವ್ರು ಬಂದ್ರು ಅನ್ಬೇಕು. ಒಬ್ಳು ಉಟ್ರೆ ಸೀರೆ, ಎಲ್ರೂ ಉಟ್ರೆ ಸಂಘ.”

ಹೆಂಗಸರೆಲ್ಲ ನಕ್ಕರು. ಭಾವನವರು ಒಳಗಿನಿಂದ ಒಂದೇ ಬಣ್ಣದ ಕಟ್ಟು ತರಿಸಿದರು. ನಾನು ಕ್ಯಾರಿಯರ್ ಹಿಡಿದುಕೊಂಡೇ ನಿಂತುಬಿಟ್ಟೆ. ಅಷ್ಟು ದಿನ ನಾವು ಫೋನನ್ನು ಮದುವೆ ಸೀರೆಯ ಹಾಗೆ ಮಾರುತ್ತಿದ್ದೆವು. ಅದು ಸಂಘದ ಸೀರೆ.

ಕ್ಯಾರಿಯರ್ ಇಟ್ಟು ನಾನೂ ಗಾದಿಯ ಅಂಚಿಗೆ ಕೂತೆ. “ನೀವೆಲ್ಲ ಒಬ್ಬರಿಗೊಬ್ಬರು ಹುಳುವಿನ ವಿಷಯ ಹೇಗೆ ತಿಳಿಸ್ತೀರಿ?” ಎಂದು ಕೇಳಿದೆ.

“ಅದೇಯ ಕಷ್ಟ ಕಣವ್ವ,” ಎಂದು ಚಿಕ್ಕತಾಯಮ್ಮ ನನ್ನ ಮೊಣಕಾಲು ತಟ್ಟಿದರು. “ಒಬ್ರ ಹುಳಿನ ಮನೆಗೆ ಇನ್ನೊಬ್ರು ಕಾಲಿಡಂಗಿಲ್ಲ. ಕಾಲಲ್ಲೇ ರೋಗ ಓಯ್ತದೆ. ಬೇಲಿತಾವ ನಿಂತ್ಕಂಡು ಕೂಗ್ಬೇಕು. ಮಳೆ ಬಂದ್ರೆ ಅದೂ ಕೇಳಕಿಲ್ಲ. ಫೋನು ಅಂದ್ರೆ, ದೊಡ್ಡ ಫೋನು ಗಂಡಸ್ರ ಜೇಬಲ್ಲಿ, ಇಲ್ಲಾ ಐಕ್ಳ ಕೈಯಲ್ಲಿ. ನಮ್ಗೆ ಸಿಕ್ಕೋದು ಚಾರ್ಜು ಮುಗುದ್ಮೇಲೆ.”

ಇವರು ಕೌಂಟರಿನ ಹಿಂದಿನಿಂದ ಎದ್ದು ಬಂದರು. ಎರಡು ಫೋನು ಹಾಸಿನ ಮೇಲಿಟ್ಟು, ರೂಢಿಯಂತೆ ಬಾಯಿ ತೆರೆದರು. “ನೋಡಿ, ಇದು ಊರಲ್ಲಿ...”

“ರೀ,” ಅಂದೆ. ಗಿರಾಕಿಗಳ ಮುಂದೆ ಇವರ ಮಾತನ್ನು ನಾನು ತಡೆದದ್ದು ಅದೇ ಮೊದಲು. “ಆ ಮಾತು ಬೇಡ.”

ಇವರು ನನ್ನನ್ನು ನೋಡಿದರು. ಬಿಳಿ ಹಾಸಿನ ಮೇಲಿದ್ದ ಒಂದೇ ಬಣ್ಣದ ಸೀರೆಗಳ ಕಟ್ಟನ್ನು ನೋಡಿದರು. ಅರ್ಥವಾಗಲು ಅಷ್ಟೇ ಸಾಕಾಯಿತು. ಒಂದು ಫೋನನ್ನು ಚಿಕ್ಕತಾಯಮ್ಮನ ಕೈಗೆ, ಇನ್ನೊಂದನ್ನು ಬಾಗಿಲ ಬಳಿ ಕೂತಿದ್ದ ಹೆಂಗಸಿನ ಕೈಗೆ ಕೊಟ್ಟು, “ಇದನ್ನ ಒತ್ತಿ ಹಿಡ್ಕೊಂಡು ಮಾತಾಡಿ ಅಮ್ಮ,” ಅಂದರು.

ಚಿಕ್ಕತಾಯಮ್ಮ ಫೋನನ್ನು ಬಾಯಿಗೆ ಅಂಟಿಸಿಕೊಂಡು ಕೂಗಿದರು: “ಲೇ ಮಾದೇವಿ, ಸೊಪ್ಪು ಕುಯ್ದ್ಯೇನಮ್ಮೀ?”

ಟಿಣ್, ಟಿಣ್... ಟಿಣ್. ಬಾಗಿಲ ಬಳಿಯ ಫೋನಿನಿಂದ ಅದೇ ದನಿ, ಅದೇ ಗದರಿಕೆ. ಮಾದೇವಿ ಫೋನನ್ನು ಮಡಿಲಿಗೆ ಬೀಳಿಸಿಕೊಂಡು ನಕ್ಕಳು. ಓದಬೇಕಿಲ್ಲ, ಬರೆಯಬೇಕಿಲ್ಲ, ಒಬ್ಬರು ಹೇಳಿದರೆ ಸಂಘದಲ್ಲಿ ಅಂಥದೇ ಫೋನಿರುವ ಎಲ್ಲರಿಗೂ ಒಟ್ಟಿಗೆ ಹೋಗುತ್ತದೆ ಎಂದು ಇವರು ವಿವರಿಸಿದರು. ಉಳಿದ ಫೋನುಗಳಲ್ಲಿರುವುದು ಇದರಲ್ಲಿ ಇಲ್ಲ, ದುಡ್ಡು ಕಳಿಸೋಕೆ ಆಗಲ್ಲ, ಸಿನಿಮಾ ಆಟ ಏನೂ ಬರಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದರು.

ಹೆಂಗಸರು ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡರು. ಆಮೇಲೆ ಚಿಕ್ಕತಾಯಮ್ಮ ಹೇಳಿದರು: “ಒಂದ್ ಬೆಳೆ ನೋಡ್ತೀವಿ. ನಾಳಿದ್ದು ಹುಳ ತತ್ತೀವಿ. ಗೂಡು ಕಟ್ಟಿ ಮಾರ್ಕೆಟ್ಟಿಗೆ ಬತ್ತೀವಲ್ಲ, ಆಗ ಯೋಳ್ತೀವಿ. ಬೇಕು ಅನ್ನುಸ್ದ್ರೆ ತಕತ್ತೀವಿ. ಇಲ್ದಿದ್ರೆ ಇಂಗೇ ತಂದು ಮಡುಗ್ತೀವಿ.”

ಕೌಂಟರಿನಲ್ಲಿದ್ದ ಫೋನುಗಳನ್ನೆಲ್ಲ ಹಂಚಿಕೊಂಡು ಅವರು ಹೋದ ಮೇಲೆ ಭಾವನವರು ತಲೆ ಚಚ್ಚಿಕೊಂಡರು. “ಎಲ್ಲಾನೂ ಕೊಟ್ ಕಳಿಸ್ಬುಟ್ಯಲ್ಲೋ! ಸೀರೆ ಉಟ್ಕಂಡು ಒಂದ್ ತಿಂಗ್ಳು ನೋಡಿ, ಬ್ಯಾಡ ಅಂದ್ರೆ ವಾಪಸ್ ತನ್ನಿ ಅಂತೀವಾ ನಾವು?”

“ಸೀರೆ ಅಲ್ಲ ಅಣ್ಣ ಇದು,” ಅಂದರು ಇವರು. ದನಿ ಮೆತ್ತಗಿತ್ತು, ಆದರೆ ಅಣ್ಣನ ಮಾತಿಗೆ ಇವರು ಎದುರು ಮಾತಾಡಿದ್ದನ್ನು ನಾನು ಕೇಳಿದ್ದೂ ಅವತ್ತೇ ಮೊದಲು.

ಆಮೇಲಿನ ದಿನಗಳು ಖಾಲಿ ಕೌಂಟರಿನ ದಿನಗಳು. ಮಾರಲು ಏನೂ ಉಳಿದಿರಲಿಲ್ಲ. ಆದರೂ ಇವರು ದಿನಾ ಬೆಳಿಗ್ಗೆ ನನ್ನ ಸೀರೆ ತುಂಡಿನಿಂದ ಗಾಜು ಒರೆಸುತ್ತಿದ್ದರು. ಆ ವರ್ಷ ಹಿಂಗಾರು ಮಳೆ ಬಿಡದೆ ಹಿಡಿಯಿತು. ಸಂಜೆಯಾದರೆ ಸಾಕು, ಬಿಳಿಗಿರಿರಂಗನ ಬೆಟ್ಟದ ಕಡೆ ಕಪ್ಪಾಗಿ, ಮಹಡಿಯ ಮೇಲೆ ಒಣಗಲು ಹಾಕಿದ ಬಟ್ಟೆ ತರಲು ಓಡಬೇಕಾಗುತ್ತಿತ್ತು. ಇಂಥ ಶೀತಕ್ಕೆ ಹುಳುವಿಗೆ ಬೇಗ ರೋಗ ಬರುತ್ತದೆ ಎಂದು ಅಂಗಡಿಗೆ ಬಂದವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಬೆಳೆ ಕೆಟ್ಟರೆ ಆ ಹೆಂಗಸರಿಗೆ ಫೋನಿನ ಯೋಚನೆಯಾದರೂ ಎಲ್ಲಿಂದ ಬರಬೇಕು?

ಕೊನೆಗೆ ತಡೆಯಲಾಗದೆ ನಾವಿಬ್ಬರೂ ಒಂದು ಬೆಳಿಗ್ಗೆ ಆ ಹಳ್ಳಿಗೆ ಹೋದೆವು. ಚಿಕ್ಕತಾಯಮ್ಮ ನಮ್ಮನ್ನು ಹುಳುಮನೆಯ ಒಳಗೆ ಬಿಡಲಿಲ್ಲ. “ಏನೂ ಅಂದ್ಕಬೇಡಿ, ಸಾವ್ಕಾರ್ರಾದ್ರೂ ಅಷ್ಟೇ, ಸ್ವಾಮಿಗಳಾದ್ರೂ ಅಷ್ಟೇಯ” ಎಂದು ನಗುತ್ತಾ ಕಿಟಕಿಯ ಬಳಿ ನಿಲ್ಲಿಸಿದರು. ಕಿಟಕಿಯ ಸೊಳ್ಳೆಪರದೆಗೆ ಮೂಗು ತಾಗಿಸಿ ನೋಡಿದೆ. ಅಟ್ಟಣೆಯ ಮೇಲೆ ಸಾಲಾಗಿ ಸೊಪ್ಪಿನ ಹಾಸಿಗೆ, ಅದರ ಮೇಲೆ ಬೆಳ್ಳನೆಯ ಹುಳುಗಳು. ಆಕಾಶ ತೆರವಾಗಿತ್ತು, ಆದರೂ ಒಳಗೆ ಮಳೆ ಬೀಳುವ ಸದ್ದು. ಅಷ್ಟೂ ಹುಳುಗಳು ಒಟ್ಟಿಗೆ ಸೊಪ್ಪು ಮೇಯುವ ಸದ್ದದು. ಅವತ್ತೇ ಆ ವಾಸನೆ ನನ್ನ ಮೂಗಿಗೆ ಅಂಟಿಕೊಂಡದ್ದು.

ಬಾಗಿಲ ಪಕ್ಕದ ಮೊಳೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನಮ್ಮ ಫೋನು ನೇತಾಡುತ್ತಿತ್ತು. ನಾವು ನಿಂತಿದ್ದಾಗಲೇ ಟಿಣ್ ಟಿಣ್ ಎಂದಿತು. ಮಾದೇವಿಯ ದನಿ: “ಅತ್ತೆ, ನಮ್ಮನೇವು ನಾಕ್ನೇ ಜ್ವರಕ್ಕೆ ಕುಂತ್ವು, ಇನ್ನೂ ಒಂದಷ್ಟು ತಲೆ ಎತ್ತಿಲ್ಲ. ಸೊಪ್ಪು ಆಕ್ಲಾ ಬ್ಯಾಡ್ವಾ?” ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಅಲ್ಲಾಡದೆ ಕೂರುವುದಕ್ಕೆ ಹುಳು ಸಾಕುವವರು ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕಿದರೆ ಕೆಡುತ್ತದಂತೆ.

“ಆಕ್ಬ್ಯಾಡ ಕಣಮ್ಮೀ! ಸುಣ್ಣ ಉದ್ರುಸು, ಎಲ್ಲಾವೂ ಏಳಗಂಟ ಸುಮ್ಕಿರು,” ಎಂದು ಚಿಕ್ಕತಾಯಮ್ಮ ಕವರಿನ ಮೇಲಿಂದಲೇ ಒತ್ತಿ ಹೇಳಿದರು. ಆಮೇಲೆ ನಮ್ಮ ಕಡೆ ತಿರುಗಿ, “ಈ ಸಲ ಬೇಲಿತಾವ ಕೂಗಿ ಗಂಟ್ಲು ಕಟ್ಟಿಲ್ಲ ನೋಡಿ” ಅಂದರು.

ಇವರು ಹಿಂಜರಿಯುತ್ತಾ ಕೇಳಿದರು: “ಮನೇಲಿ ಏನಂತಾರೆ? ಇದರಲ್ಲಿ ಅದಿಲ್ಲ ಇದಿಲ್ಲ ಅಂತ...”

“ಅದೇಯ ನಮ್ಗೆ ಬೇಕಾಗಿದ್ದು!” ಚಿಕ್ಕತಾಯಮ್ಮ ಕಿಲಕಿಲನೆ ನಕ್ಕರು. “ನಮ್ ಯಜಮಾನ್ರು ಎರಡು ದಿನ ಇಡ್ಕಂಡು ಒತ್ತಿ ನೋಡುದ್ರು. ಏನೂ ಇಲ್ವಲ್ಲೇ ಇದ್ರಲ್ಲಿ ಅಂತ ಬಿಸಾಕುದ್ರು. ಐಕ್ಳಂತೂ ತಿರುಗೂ ನೋಡಕಿಲ್ಲ. ಯಾರೂ ಕಿತ್ಕಳಕಿಲ್ಲ, ಯಾರೂ ಚಾರ್ಜು ಖಾಲಿ ಮಾಡಕಿಲ್ಲ. ಈ ಮನೇಲಿ ನಂದು ಅಂತ ಇರೋದು ನಮ್ಮವ್ವ ಕೊಟ್ಟ ಪೆಟ್ಟಿಗೆ ಒಂದು, ಇದೊಂದು.”

ವಾಪಸು ಬರುವಾಗ ಇವರು ಬಸ್ಸಿನ ಕಿಟಕಿ ಪಕ್ಕ ಕೂತರು. ಯಳಂದೂರು ದಾಟಿದ ಮೇಲೆ, “ಏನೂ ಇಲ್ಲ ಅಂತ ತಾನೆ ಎಲ್ಲರೂ ಬೇಡ ಅಂದಿದ್ದು,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಕಿಟಕಿಯಾಚೆ ನೋಡಿದರು.

ಆದರೂ ಮಾತು ಇನ್ನೂ ಬಾಕಿಯಿತ್ತು. ಇಷ್ಟಪಡುವುದೇ ಬೇರೆ, ಕೊಳ್ಳುವುದೇ ಬೇರೆ. ದೀಪಾವಳಿಯ ನೀರು ತುಂಬುವ ಹಬ್ಬದ ಹಿಂದಿನ ದಿನ ಭಾವನವರು ಟೇಪು ಹಿಡಿದು ಕೌಂಟರಿನ ಮೂಲೆಯನ್ನು ಅಳೆಯುತ್ತಿದ್ದರು. ರವಿಕೆ ಪೀಸು ಜೋಡಿಸಲು ಹಲಗೆ ಹೊಡೆಸಬೇಕಿತ್ತಂತೆ. ಇವರು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಿದ್ದರು. ಅಣ್ಣ ಹೇಳಿದ ಮೇಲೆ ಹಿಡಿಯದೆ ಇರುವುದು ಹೇಗೆ? ನಾನು ಬಾಗಿಲಲ್ಲಿ ಹಬ್ಬಕ್ಕೆ ಮಾವಿನ ಸೊಪ್ಪು ಕಟ್ಟುತ್ತಾ, ಆ ಕಡೆ ನೋಡದೆ ಇರಲು ಪ್ರಯತ್ನಿಸುತ್ತಿದ್ದೆ.

ಬೀದಿಯ ತುದಿಯಲ್ಲಿ ಒಂದೇ ಬಣ್ಣ ಕಾಣಿಸಿತು. ಮೊದಲು ಬಣ್ಣ, ಆಮೇಲೆ ಹೆಂಗಸರು. ಗೂಡಿನ ಮಾರುಕಟ್ಟೆಯಲ್ಲಿ ಬೆಳೆ ಕೊಟ್ಟು ನೇರ ನಮ್ಮ ಅಂಗಡಿಗೇ ನಡೆದು ಬರುತ್ತಿದ್ದರು, ಎಲ್ಲರೂ ಸಂಘದ ಸೀರೆ ಉಟ್ಟುಕೊಂಡು. ದೂರದಿಂದಲೇ ‘ಅಗೋ ಅವರು ಬಂದರು’ ಅನ್ನುವ ಹಾಗೆ. ನನ್ನ ಕೈಯಿಂದ ಮಾವಿನ ಸೊಪ್ಪು ಜಾರಿತು. ಎಲ್ಲರ ಕೈಯಲ್ಲೂ ಚೀಲವಿತ್ತು. ಫೋನು ವಾಪಸು ತಂದರೋ ಎಂದು ಆ ಚೀಲಗಳನ್ನೇ ನೋಡಿದೆ.

ಚಿಕ್ಕತಾಯಮ್ಮ ಗಾದಿಯ ಮೇಲೆ ಕೂತು ಮೊದಲು ನೀರು ಕೇಳಿದರು. ಕುಡಿದರು. ಆಮೇಲೆ ಹೇಳಿದರು: “ಗೂಡು ಚೆಂದಾಗ್ ಬಂದ್ವು ಕಣ್ರಪ್ಪ. ಈ ಮಳೇಲೂ ಒಂದ್ ಮನೇದೂ ಕೆಡ್ನಿಲ್ಲ. ಫೋನಿಂದ್ಲೇ ಅಂತ ಯೋಳಕಿಲ್ಲ, ಮಾದಪ್ಪನ ದಯ. ಆದ್ರೆ ಫೋನು ನಾವು ಕೊಡಕಿಲ್ಲ. ಲೆಕ್ಕ ಮುಗಿಸ್ಕಳಿ.” ಸಂಘದವರ ಹಿಂದೆಯೇ ಬಂದು ನಿಂತಿದ್ದ ಬೇರೆ ಸೀರೆಯ ಹೆಂಗಸರ ಕಡೆ ಕೈ ತೋರಿಸಿದರು. “ಇವ್ರು ಪಕ್ಕದೂರ್ನೋರು, ನಮ್ ನೆಂಟ್ರೇಯ. ನಮ್ ಮಾತೆಲ್ಲ ಫೋನಲ್ಲಿ ಓಯ್ತದೆ, ಇವ್ರಿಗೆ ಕೇಳಕಿಲ್ವಂತೆ. ಇವ್ರಿಗೂ ಕೊಡಿ.”

ಇವರ ಕೈಯಲ್ಲಿ ಟೇಪಿನ ತುದಿ ಹಾಗೆಯೇ ಇತ್ತು. ಭಾವನವರು ಆ ಕಡೆಯಿಂದ ಬಿಟ್ಟುಬಿಟ್ಟರು. ಟೇಪು ಸರ್ರನೆ ಸುತ್ತಿಕೊಂಡು ಇವರ ಕೈ ಸೇರಿತು.

“ಏನ್ ನೋಡ್ತಿದ್ದೀಯ ಮಲ್ಲು? ಗಿರಾಕಿ ಬಂದವ್ರೆ, ಕೂರ್ಸು,” ಅಂದರು ಭಾವನವರು. ಆಮೇಲೆ ಯಾರನ್ನೂ ಕರೆಯದೆ, ರವಿಕೆ ಪೀಸಿನ ಕಟ್ಟನ್ನು ತಾವೇ ಎತ್ತಿ ಹೆಗಲಿಗಿಟ್ಟುಕೊಂಡು ಒಳಗಿನ ಅಟ್ಟದ ಕಡೆ ನಡೆದರು.

ಆ ಹೊಸ ಸಿಸ್ಟಮ್ಮು ಜಗತ್ತನ್ನೇನೂ ಗೆಲ್ಲಲಿಲ್ಲ. ಪೇಟೆಯಲ್ಲಿ ಈಗಲೂ ನೂರು ಜನ ಬಂದರೆ ಬೇರೆ ಫೋನನ್ನೇ ಕೇಳುತ್ತಾರೆ, ಇವರ ಕೌಂಟರಿನಲ್ಲೂ ಅವೇ ಹೆಚ್ಚು. ನಾನೂ ಕೊತ್ತಂಬರಿಗೆ ಹೋಗುವಾಗ ಹಳೆಯ ಫೋನನ್ನೇ ಒಯ್ಯುತ್ತೇನೆ. ಆದರೆ ಗಾಜಿನ ಕೆಳಗೆ ಒಂದು ಸಾಲು ಯಾವತ್ತೂ ಇದಕ್ಕೇ ಮೀಸಲು. ಬಸ್ಸಿನ ಹೊತ್ತು ಹೇಳುವ ಆಪು ಈಚೆಗೆ ಬಂತು. ದುಡ್ಡಿನದೂ ಬರುತ್ತದೆ ಎಂದು ಅದೇ ಪ್ರತಿನಿಧಿ ಅದೇ ಬೆವರು ಒರೆಸಿಕೊಳ್ಳುತ್ತಾ ಹೇಳಿ ಹೋಗಿದ್ದಾರೆ. ಇವರು ನಂಬಿದ್ದಾರೆ, ನಾನೂ ನಂಬಿದ್ದೇನೆ. ಒಂಟಿ ಗಿರಾಕಿ ಬಂದು ಆ ಫೋನು ಕೇಳಿದರೆ ಇವರು ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: “ನಿಮ್ಮ ಜೊತೆ ಇನ್ಯಾರು ತಗೊಳ್ತಾರೆ?”

ಯಳಂದೂರಿನ ನಿಲ್ದಾಣದಲ್ಲಿ ಆ ಸೊಪ್ಪಿನಾಕೆಗೆ ಕೊನೆಗೂ ಫೋನು ಸಿಕ್ಕಿತು. ಬಂದ ಮಾತು ಕೇಳಿ, “ಬತ್ತಾವ್ನಿ ಕಣಕ್ಕ, ಬಸ್ ಬಂದಿಲ್ಲ” ಎಂದು ಒತ್ತಿ ಹೇಳಿದರು. ಚಿಕ್ಕತಾಯಮ್ಮನ ಊರಿನವರೂ ಅಲ್ಲ, ಪಕ್ಕದೂರಿನವರೂ ಅಲ್ಲ. ಆ ಮುಖವನ್ನು ನಾನು ಎಂದೂ ನೋಡಿರಲಿಲ್ಲ.

“ಫೋನು ಎಲ್ಲಿ ತಗೊಂಡ್ರಿ?” ಎಂದು ಕೇಳಿದೆ.

“ಕೊಳ್ಳೇಗಾಲ್ದಲ್ಲಿ ಕಣವ್ವ, ಒಂದು ಸೀರೆ ಅಂಗ್ಡೀಲಿ. ನಗ್ಬ್ಯಾಡಿ, ಸೀರೆ ಅಂಗ್ಡೀಲೇಯ.”

“ಚೆನ್ನಾಗಿದೆಯಾ?”

ಆಕೆ ಫೋನನ್ನು ಸೆರಗಿನಲ್ಲಿ ಒರೆಸಿಕೊಂಡರು. “ಚೆಂದಾನೋ ಏನೋ. ನಮ್ಮೂರಲ್ಲಿ ಎಂಗಸ್ರು ಎಲ್ರತ್ರಾನೂ ಇದೇ ಇರೋದು. ನಿಮ್ಮತ್ರ ಇಲ್ವಾ?”

ನಾನು ವ್ಯಾನಿಟಿ ಬ್ಯಾಗಿನ ಜಿಪ್ ಎಳೆದು ನನ್ನದನ್ನು ತೆಗೆದು ತೋರಿಸಿದೆ.

“ಅಯ್, ನಮ್ಮೋರೇಯ ನೀವು!” ಅಂದರು ಆಕೆ.

ಅಷ್ಟರಲ್ಲಿ ಬಸ್ಸು ಬಂತು. ಗೋಣಿಚೀಲದ ಒಂದು ಕಿವಿಯನ್ನು ಆಕೆ ಹಿಡಿದರು, ಇನ್ನೊಂದನ್ನು ನಾನು ಹಿಡಿದೆ.